ಜೋಜಿ ಲಾ: ಕುದುರೆ ದಾರಿ ಲಾರಿ ದಾರಿಯಾದ ಕತೆ

ನಿಮ್ಮ ಫೋನಿಗೂ ಆ ವಿಡಿಯೊ ಬಂದಿರುತ್ತದೆ. ಒಂದು ಕಡೆ ಕಡಿದಾದ ಬಂಡೆ, ಇನ್ನೊಂದು ಕಡೆ ತಳ ಕಾಣದ ಪ್ರಪಾತ. ನಡುವೆ ಒಂದೇ ಗಾಡಿ ಹೋಗುವಷ್ಟು ಮಣ್ಣಿನ ದಾರಿ. ಎದುರಿನಿಂದ ಲಾರಿ, ಹಿಂದಿನಿಂದ ಕಾರುಗಳ ಸಾಲು. ಡ್ರೈವರ್ ಒಂದು ಗೇಣು ಹಿಂದಕ್ಕೆ ಹೋದರೂ ಕತೆ ಮುಗಿಯಿತು. ನೋಡಿ, ಉಸಿರು ಬಿಗಿಹಿಡಿದು, ಇನ್ನೊಬ್ಬರಿಗೆ ಕಳಿಸಿ ಮರೆಯುತ್ತೇವೆ.

ಇಂಥ ವಿಡಿಯೊಗಳಲ್ಲಿ ಎಷ್ಟೋ ಜೋಜಿ ಲಾ ಎಂಬ ಜಾಗದವು. ಲಡಾಖಿ ಮಾತಿನಲ್ಲಿ 'ಲಾ' ಅಂದರೆ ಬೆಟ್ಟ ದಾಟುವ ಘಾಟಿ. ಶ್ರೀನಗರದಿಂದ ಸುಮಾರು 100 ಕಿಲೋಮೀಟರ್ ದೂರದಲ್ಲಿ, ಸಮುದ್ರಮಟ್ಟದಿಂದ 3,500 ಮೀಟರ್‌ಗೂ ಎತ್ತರದಲ್ಲಿ ಇದು ಇದೆ. ಕಾಶ್ಮೀರದಿಂದ ದ್ರಾಸ್, ಕಾರ್ಗಿಲ್, ಲೇಹ್‌ಗೆ ಹೋಗುವ ಹೆದ್ದಾರಿ ಹಾಯುವುದು ಇದರ ಮೇಲೆಯೇ. ಅಮರನಾಥ ಯಾತ್ರೆಗೆ ಬಾಲ್ತಾಲ್ ಕಡೆಯಿಂದ ಹೋದವರು ಈ ಘಾಟಿಯ ಬುಡ ನೋಡಿರುತ್ತಾರೆ.

ಈ ದಾರಿಯನ್ನು ಯಾರು ಕಡಿದರು, ಯಾಕೆ ಕಡಿದರು, ಇವತ್ತು ಅದನ್ನು ಯಾರು ಉಳಿಸಿಕೊಂಡು ಬರುತ್ತಿದ್ದಾರೆ ಎಂಬುದು ವಿಡಿಯೊದಲ್ಲಿ ಇರುವುದಿಲ್ಲ. ಆ ಕತೆಯಲ್ಲಿ ನಮ್ಮ ಕೊಡಗು ಇದೆ, ಬೆಂಗಳೂರು ಇದೆ, ಜಾರ್ಖಂಡಿನ ಕೂಲಿಗಳೂ ಇದ್ದಾರೆ.

ರಸ್ತೆ ಇಲ್ಲದ ಕಾಲ

ನೂರಾರು ವರ್ಷ ಇದು ಕುದುರೆ, ಹೇಸರಗತ್ತೆ ಮತ್ತು ಹೊರೆಯಾಳುಗಳ ದಾರಿ. ಶ್ರೀನಗರದಿಂದ ಲೇಹ್‌ಗೆ ಸುಮಾರು 16 ದಿನದ ನಡಿಗೆ. ಮಧ್ಯ ಏಷ್ಯಾದ ಯಾರ್ಕಂದ್‌ನಿಂದ ಬರುತ್ತಿದ್ದ ವ್ಯಾಪಾರಿಗಳು ಲೇಹ್ ಪೇಟೆಯಲ್ಲಿ ಸರಕು ಬದಲಾಯಿಸಿಕೊಳ್ಳುತ್ತಿದ್ದರು. ಶಾಲು ನೇಯಲು ಬೇಕಾದ ಪಶ್ಮೀನಾ ಉಣ್ಣೆ ಲಡಾಖಿನಿಂದ ಕಾಶ್ಮೀರಕ್ಕೆ ಇಳಿಯುತ್ತಿದ್ದುದು ಇದೇ ಘಾಟಿಯಲ್ಲಿ.

ಚಳಿಗಾಲ ಬಂತೆಂದರೆ ಹಿಮ ಬಿದ್ದು ದಾರಿ ಮುಚ್ಚುತ್ತಿತ್ತು. ಇಳಿಜಾರಿನ ಮೇಲೆ ಕೂತ ಹಿಮ ಒಮ್ಮೆಲೇ ಜಾರಿ ಬಂದರೆ ಆಳು, ಪ್ರಾಣಿ, ಹೊರೆ ಎಲ್ಲವೂ ಅದರಡಿಗೆ. ಹಾಗಾಗಿ ಚಳಿಗಾಲದಲ್ಲಿ ಇದನ್ನು ದಾಟುವವರು ತೀರಾ ಕಡಿಮೆ.

1948ರ ಫೆಬ್ರುವರಿಯಲ್ಲಿ ಒಂದು ಸಣ್ಣ ಸೈನಿಕ ತಂಡ ಆ ಸಾಹಸವನ್ನೂ ಮಾಡಿತು. ಮೇಜರ್ ಪೃಥಿ ಚಂದ್ ಎಂಬ ಲಾಹೌಲ್‌ನ ಅಧಿಕಾರಿಯ ನೇತೃತ್ವದಲ್ಲಿ ಹೊರಟ ಆ ತಂಡ ಹಿಮದಲ್ಲೇ ಜೋಜಿ ಲಾ ದಾಟಿ ಮಾರ್ಚ್‌ನಲ್ಲಿ ಲೇಹ್ ತಲುಪಿತು. ಕಾರಣ ಯುದ್ಧ.

ಕೊಡಗಿನ ಜನರಲ್, ಬೆಂಗಳೂರಿನ ಸ್ಯಾಪರ್‌ಗಳು

1947ರ ಅಕ್ಟೋಬರಿನಲ್ಲಿ ಕಾಶ್ಮೀರಕ್ಕೆ ದಾಳಿಕೋರರು ನುಗ್ಗಿದ್ದು ಎಲ್ಲರಿಗೂ ಗೊತ್ತು. 1948ರ ಮೇಯಲ್ಲಿ ಕಾರ್ಗಿಲ್, ಜೂನ್ ಮೊದಲ ವಾರದಲ್ಲಿ ದ್ರಾಸ್ ಕೈತಪ್ಪಿದವು. ಶ್ರೀನಗರಕ್ಕೂ ಲೇಹ್‌ಗೂ ಇದ್ದ ಒಂದೇ ನೆಲದ ನಂಟು ಕಡಿಯಿತು. ಲೇಹ್‌ನಲ್ಲಿದ್ದದ್ದು ಬೆರಳೆಣಿಕೆಯ ಸೈನಿಕರು.

ಆಗ ಕಾಶ್ಮೀರದ ಈ ಭಾಗದ ಸೇನೆಯ ಹೊಣೆ ಮೇಜರ್ ಜನರಲ್ ಕೆ.ಎಸ್. ತಿಮ್ಮಯ್ಯನವರ ಹೆಗಲ ಮೇಲಿತ್ತು. 1906ರಲ್ಲಿ ಮಡಿಕೇರಿಯಲ್ಲಿ ಹುಟ್ಟಿದವರು. ಲೇಹ್‌ನಲ್ಲಿ ಸೋನಂ ನೋರ್ಬು ಎಂಬ ಲಡಾಖಿ ಎಂಜಿನಿಯರ್ ಊರವರನ್ನು ಸೇರಿಸಿಕೊಂಡು ಒಂದು ಮಣ್ಣಿನ ವಿಮಾನಪಟ್ಟಿ ಸಿದ್ಧಪಡಿಸಿದ್ದರು. 1948ರ ಮೇ 24ರಂದು ಏರ್ ಕಮೋಡೋರ್ ಮೆಹರ್ ಸಿಂಗ್ ಅಲ್ಲಿಗೆ ಮೊದಲ ಡಕೋಟಾ ವಿಮಾನ ಇಳಿಸಿದರು. ಆ ವಿಮಾನದಲ್ಲಿ ತಿಮ್ಮಯ್ಯನವರೂ ಇದ್ದರು. ಲೇಹ್ ಸದ್ಯಕ್ಕೆ ಉಳಿಯಿತು. ಆದರೆ ವಿಮಾನದಲ್ಲಿ ಎಷ್ಟು ದಿನ ಅನ್ನ, ಗುಂಡು ಸಾಗಿಸುವುದು? ಚಳಿಗಾಲ ಬರುವುದರೊಳಗೆ ಜೋಜಿ ಲಾ ತೆರೆಯಲೇಬೇಕಿತ್ತು.

ಸೆಪ್ಟೆಂಬರಿನಲ್ಲಿ ಕಾಲಾಳುಗಳು ಮಾಡಿದ ದಾಳಿ ಫಲ ಕೊಡಲಿಲ್ಲ. ಘಾಟಿಯ ಎರಡೂ ಕಡೆ ಎತ್ತರದ ಬಂಡೆಗಳಲ್ಲಿ ಎದುರಾಳಿಗಳು ಬಂಕರ್ ತೋಡಿ ಮೆಷಿನ್‌ಗನ್ ಇಟ್ಟುಕೊಂಡು ಕೂತಿದ್ದರು. ಕೆಳಗಿನಿಂದ ಬರುವವರು ಅವರಿಗೆ ನೇರ ಗುರಿ. ಆಗ ಸೇನೆ ಒಂದು ನಿರ್ಧಾರಕ್ಕೆ ಬಂತು: ಟ್ಯಾಂಕುಗಳನ್ನೇ ಮೇಲಕ್ಕೆ ಹತ್ತಿಸುವುದು.

ಕುದುರೆ ಹೋಗುವ ದಾರಿಯಲ್ಲಿ ಸುಮಾರು 15 ಟನ್ ತೂಕದ ಸ್ಟುವರ್ಟ್ ಟ್ಯಾಂಕು! ಅಷ್ಟು ಎತ್ತರದಲ್ಲಿ ಯಾರೂ ಟ್ಯಾಂಕು ಬಳಸಿರಲಿಲ್ಲ. ಜಮ್ಮು ಕಡೆಯಿಂದ 7ನೇ ಕ್ಯಾವಲ್ರಿಯ ಟ್ಯಾಂಕುಗಳನ್ನು ಗುಟ್ಟಾಗಿ ತರಲಾಯಿತು. ಮೇಲಿನ ಗೋಪುರ ಬಿಚ್ಚಿ, ಟಾರ್ಪಾಲು ಹೊದಿಸಿ ಸಾಗಿಸಿದರು. ಭಾರ ತಡೆಯದ ಸೇತುವೆಗಳಿಗೆ ಮೊದಲು ಬಲ ಕೊಡಬೇಕಾಯಿತು.

ಬಾಲ್ತಾಲ್‌ನಿಂದ ಘಾಟಿಯ ತಲೆಯವರೆಗೆ ದಾರಿ ಅಗಲ ಮಾಡುವ ಕೆಲಸ ಬಿದ್ದದ್ದು ಮದ್ರಾಸ್ ಸ್ಯಾಪರ್ಸ್ ಪಡೆಗೆ. ಹೆಸರು ಮದ್ರಾಸ್ ಆದರೂ ಈ ಪಡೆಯ ಕೇಂದ್ರ ಇರುವುದು ಬೆಂಗಳೂರಿನ ಹಲಸೂರು ಕೆರೆಯ ಪಕ್ಕದಲ್ಲಿ. ದಕ್ಷಿಣದ ಬಿಸಿಲಿನಲ್ಲಿ ಬೆಳೆದ ಹುಡುಗರು ಹಿಮಗಾಳಿಯಲ್ಲಿ, ಮೇಲಿನಿಂದ ಗುಂಡು ಬೀಳುತ್ತಿರುವಾಗಲೇ ಬಂಡೆ ಸಿಡಿಸಿ ದಾರಿ ಕಡಿದರು.

ಹವಾಮಾನ ಕೆಟ್ಟು ದಾಳಿ ಮುಂದಕ್ಕೆ ಹೋಯಿತು. ಕೊನೆಗೆ 1948ರ ನವೆಂಬರ್ 1ರಂದು ಟ್ಯಾಂಕುಗಳು ಜೋಜಿ ಲಾ ಏರಿದವು. ಟ್ಯಾಂಕುಗಳ ದಂಡಿಗೆ ಲೆಫ್ಟಿನೆಂಟ್ ಕರ್ನಲ್ ರಾಜಿಂದರ್ ಸಿಂಗ್ ಮುಖ್ಯಸ್ಥರಾಗಿದ್ದರು. ತಿಮ್ಮಯ್ಯನವರು ತಾವೇ ಟ್ಯಾಂಕು ಹತ್ತಿ ಮುಂದಿದ್ದರು. ಇಲ್ಲಿಗೆ ಟ್ಯಾಂಕು ಬರುತ್ತದೆ ಎಂದು ಎದುರಾಳಿಗಳು ಕನಸಿನಲ್ಲೂ ನೆನೆಸಿರಲಿಲ್ಲ. ಬಂಕರ್‌ಗಳು ಒಂದೊಂದಾಗಿ ಖಾಲಿಯಾದವು. ಅದೇ ತಿಂಗಳಲ್ಲಿ ದ್ರಾಸ್, ಆಮೇಲೆ ಕಾರ್ಗಿಲ್ ಮತ್ತೆ ಕೈಗೆ ಬಂದವು. 1949ರ ಜನವರಿ 1ರಂದು ಕದನವಿರಾಮ.

ತಿಮ್ಮಯ್ಯನವರು ಮುಂದೆ 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರಾದರು. ಮಡಿಕೇರಿಯ ಅವರ ಮನೆ 'ಸನ್ನಿ ಸೈಡ್' ಈಗ ವಸ್ತುಸಂಗ್ರಹಾಲಯ. ಆ ಕಡೆ ಹೋದರೆ ನೋಡಿ ಬನ್ನಿ.

ಲೇಹ್‌ಗೆ ಲಾರಿ ಬಂದದ್ದು

ಟ್ಯಾಂಕು ಹೋದ ಮಾತ್ರಕ್ಕೆ ಹೆದ್ದಾರಿ ಆಗಲಿಲ್ಲ. ಯುದ್ಧ ಮುಗಿದು ಹತ್ತು ವರ್ಷ ಕಳೆದರೂ ಲೇಹ್‌ವರೆಗೆ ಪೂರ್ತಿ ರಸ್ತೆ ಇರಲಿಲ್ಲ. ಅಷ್ಟರಲ್ಲಿ 1957ರಲ್ಲಿ ಚೀನಾ ತನ್ನ ಶಿನ್‌ಜಿಯಾಂಗ್‌ನಿಂದ ಟಿಬೆಟ್‌ಗೆ ರಸ್ತೆ ಮಾಡಿ ಮುಗಿಸಿತು. ಅದು ಹಾದದ್ದು ಅಕ್ಸಾಯ್ ಚಿನ್ ಮೂಲಕ. ನಾವು ನಮ್ಮದೆನ್ನುವ ನೆಲದಲ್ಲಿ ಅವರ ಲಾರಿ ಓಡುತ್ತಿತ್ತು. ಅಲ್ಲಿಗೆ ಹೋಗಿ ನೋಡಲು ನಮಗೆ ದಾರಿ ಇರಲಿಲ್ಲ.

1960ರ ಮೇ 7ರಂದು ಗಡಿ ರಸ್ತೆ ಸಂಸ್ಥೆ ಹುಟ್ಟಿತು. ಎಲ್ಲರೂ ಬಿಆರ್‌ಒ ಎಂದು ಕರೆಯುವುದು ಇದನ್ನೇ. ಕಾಶ್ಮೀರದ ಕಡೆಯ ಕೆಲಸಕ್ಕೆ 'ಬೀಕನ್' ಎಂಬ ಹೆಸರು ಕೊಟ್ಟರು. 1962ರ ಹೊತ್ತಿಗೆ ಶ್ರೀನಗರದಿಂದ ಲೇಹ್‌ಗೆ ಗಾಡಿ ಓಡುವಂತಾಯಿತು. 16 ದಿನದ ನಡಿಗೆ ಎರಡು ದಿನದ ಪ್ರಯಾಣಕ್ಕೆ ಇಳಿಯಿತು.

ರಸ್ತೆಯ ಜೊತೆ ಅಕ್ಕಿ, ಸೀಮೆಎಣ್ಣೆ, ಸಿಮೆಂಟು, ತಗಡು, ಔಷಧಿ ಬಂದವು. 1974ರಲ್ಲಿ ಪ್ರವಾಸಿಗಳಿಗೆ ಲಡಾಖ್ ತೆರೆಯಿತು. ಆದರೂ ಚಳಿಗಾಲ ಹಳೆಯ ಚಳಿಗಾಲವೇ. ವರ್ಷದಲ್ಲಿ ಐದಾರು ತಿಂಗಳು ಜೋಜಿ ಲಾ ಮುಚ್ಚುತ್ತಿತ್ತು. ಬೇಸಿಗೆಯಲ್ಲೇ ಆರು ತಿಂಗಳ ಧಾನ್ಯ, ಎಣ್ಣೆ, ಸೌದೆ ಕೂಡಿಡಬೇಕು. ಮಳೆಗಾಲಕ್ಕೆ ಮೊದಲು ನಮ್ಮ ಮಲೆನಾಡಿನ ಮನೆಗಳು ಅಟ್ಟ ತುಂಬಿಸಿಕೊಳ್ಳುತ್ತಿದ್ದ ಹಾಗೆ.

ಡ್ರೈವರ್‌ಗಳು ಕಲಿತ ಲೆಕ್ಕ

ಇಂಥ ದಾರಿಯಲ್ಲಿ ಗಾಡಿ ಓಡಿಸಲು ಧೈರ್ಯಕ್ಕಿಂತ ಲೆಕ್ಕ ಮುಖ್ಯ. ಅರವತ್ತು ವರ್ಷಗಳಲ್ಲಿ ಲಾರಿ ಡ್ರೈವರ್‌ಗಳು ಕಲಿತದ್ದು ಇದನ್ನೇ.

ಮೊದಲನೆಯದು ಗಾಳಿ. ಜೋಜಿ ಲಾ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರನೇ ಎರಡರಷ್ಟು. ಲೇಹ್ ಆಚೆಯ ಖಾರ್ದುಂಗ್ ಲಾದಲ್ಲಿ ಅರ್ಧದಷ್ಟು. ಮನುಷ್ಯನಿಗೆ ಉಸಿರು ಸಾಲದ ಹಾಗೆ ಎಂಜಿನ್ನಿಗೂ ಸಾಲುವುದಿಲ್ಲ, ಎಳೆತ ಕುಗ್ಗುತ್ತದೆ. ತುಂಬಿದ ಲಾರಿ ಏರಿನಲ್ಲಿ ನಿಂತರೆ ಮತ್ತೆ ಹೊರಡಿಸುವುದು ಕಷ್ಟ. ಅದಕ್ಕೇ ಘಾಟಿಯಲ್ಲಿ ಏರುವ ಗಾಡಿಗೆ ಇಳಿಯುವ ಗಾಡಿ ದಾರಿ ಬಿಡಬೇಕು. ಇದು ದೇಶದ ಎಲ್ಲ ಬೆಟ್ಟದ ರಸ್ತೆಗಳಿಗೂ ಅನ್ವಯಿಸುವ ಕಾನೂನು, ಚಾರ್ಮಾಡಿಗೂ ಆಗುಂಬೆಗೂ ಅದೇ.

ಎರಡನೆಯದು ಇಳಿತ. ಉದ್ದಕ್ಕೂ ಬ್ರೇಕ್ ಒತ್ತಿಕೊಂಡೇ ಇಳಿದರೆ ಬ್ರೇಕ್ ಕಾದು ಹಿಡಿತ ಕಳೆದುಕೊಳ್ಳುತ್ತದೆ. ಯಾವ ಗೇರಿನಲ್ಲಿ ಏರುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ ಎಂಬುದು ಹಳೆಯ ಡ್ರೈವರ್‌ಗಳ ಮಾತು. ನ್ಯೂಟ್ರಲ್‌ನಲ್ಲಿ ಬಿಟ್ಟು ಡೀಸೆಲ್ ಉಳಿಸಲು ಹೋದವರು ಪ್ರಾಣ ಕಳೆದುಕೊಂಡಿದ್ದಾರೆ.

ಮೂರನೆಯದು ಹೊತ್ತು. ಬೆಳಿಗ್ಗೆ ಹಿಮ ಗಟ್ಟಿ ಇರುತ್ತದೆ, ರಸ್ತೆಗೆ ಅಡ್ಡ ಬರುವ ಹಳ್ಳದಲ್ಲಿ ನೀರು ಕಡಿಮೆ. ಮಧ್ಯಾಹ್ನ ಬಿಸಿಲಿಗೆ ಹಿಮ ಕರಗಿ ಅದೇ ಹಳ್ಳ ಕಾರನ್ನು ತಳ್ಳಿಕೊಂಡು ಹೋಗುವಷ್ಟು ತುಂಬುತ್ತದೆ. ಹಾಗಾಗಿ ಹೊರಡುವುದು ನಸುಕಿನಲ್ಲೇ. ಚಳಿ ಹೆಚ್ಚಿದರೆ ನೆರಳಿನ ತಿರುವಿನಲ್ಲಿ ನೀರು ಗಾಜಿನ ಹಾಗೆ ಹೆಪ್ಪುಗಟ್ಟಿರುತ್ತದೆ. ಕಣ್ಣಿಗೆ ಒದ್ದೆ ರಸ್ತೆಯಂತೆ ಕಾಣುತ್ತದೆ, ಟೈರು ನಿಲ್ಲುವುದಿಲ್ಲ. ಡೀಸೆಲ್ ಕೂಡ ಗಟ್ಟಿಯಾಗುತ್ತದೆ.

ಜೋಜಿ ಲಾದ ಒಂದು ಜಾಗಕ್ಕೆ 'ಶೈತಾನ್ ನಾಲಾ' ಎಂದೇ ಹೆಸರು, ದೆವ್ವದ ಹಳ್ಳ. ಹಿಮ ಜಾರಿ ಬೀಳುವ ದಾರಿಯಲ್ಲೇ ಅದು ಇದೆ. ಮೇಲಿಂದ ಬರುವವರು, ಕೆಳಗಿಂದ ಹೋಗುವವರು ಎದುರಾಗಿ ಸಿಕ್ಕಿಹಾಕಿಕೊಳ್ಳಬಾರದೆಂದು ಬಹಳ ವರ್ಷ ಗಾಡಿಗಳನ್ನು ಸರದಿಯ ಮೇಲೆ ಬಿಡುವ ಪದ್ಧತಿ ನಡೆದುಬಂದಿದೆ. ಒಂದು ಹೊತ್ತು ಈ ಕಡೆಯವರು, ಇನ್ನೊಂದು ಹೊತ್ತು ಆ ಕಡೆಯವರು. ಅದನ್ನು ಮೀರಿ ನುಗ್ಗುವವರಿಂದಲೇ ಸಾಲು ಗಂಟೆಗಟ್ಟಲೆ ನಿಲ್ಲುವುದು.

ಇನ್ನೊಂದು ಮಾತು. ಖಾರ್ದುಂಗ್ ಲಾ 18,380 ಅಡಿ, ಜಗತ್ತಿನ ಅತಿ ಎತ್ತರದ ವಾಹನ ರಸ್ತೆ ಎಂಬ ಫಲಕದ ಫೋಟೊ ವಾಟ್ಸ್ಆ್ಯಪ್‌ನಲ್ಲಿ ಈಗಲೂ ಓಡಾಡುತ್ತಿದೆ. ಸರಿಯಾಗಿ ಅಳೆದಾಗ ಸಿಕ್ಕಿದ್ದು 17,582 ಅಡಿ. 2021ರಲ್ಲಿ ದಾಖಲೆ ಪುಸ್ತಕ ಸೇರಿದ್ದು ಪೂರ್ವ ಲಡಾಖಿನ ಉಮ್ಲಿಂಗ್ ಲಾ, 19,024 ಅಡಿ.

ಲೈಟು ಆರಿಸಿ ಓಡಿಸಿದ ರಾತ್ರಿಗಳು

1999ರ ಬೇಸಿಗೆಯಲ್ಲಿ ಈ ಹೆದ್ದಾರಿಯ ಬೆಲೆ ದೇಶಕ್ಕೆಲ್ಲ ತಿಳಿಯಿತು. ದ್ರಾಸ್ ಮೇಲಿನ ತೊಲೊಲಿಂಗ್, ಟೈಗರ್ ಹಿಲ್ ಶಿಖರಗಳಲ್ಲಿ ಕೂತ ಪಾಕಿಸ್ತಾನಿ ಸೈನಿಕರಿಗೆ ಕೆಳಗಿನ ರಸ್ತೆ ಅಂಗೈಯಂತೆ ಕಾಣುತ್ತಿತ್ತು. ಲಾರಿ ಕಂಡರೆ ಶೆಲ್ ಬೀಳುತ್ತಿತ್ತು. ಲೇಹ್ ಮತ್ತು ಸಿಯಾಚಿನ್‌ಗೆ ಹೋಗುವ ಸಾಮಾನಿನ ದಾರಿ ಕಡಿಯುವುದೇ ಅವರ ಉದ್ದೇಶ. ಹೆಡ್‌ಲೈಟ್ ಆರಿಸಿ, ಕತ್ತಲಲ್ಲೇ ಅಂದಾಜಿನ ಮೇಲೆ ಲಾರಿಗಳನ್ನು ಓಡಿಸಿದರು. ಆ ಶಿಖರಗಳನ್ನು ಮರಳಿ ಪಡೆಯಲು ಎಷ್ಟು ಹುಡುಗರು ಜೀವ ಕೊಟ್ಟರು ಎಂಬುದು ಇಂದಿಗೂ ನಮ್ಮ ನೆನಪಲ್ಲಿದೆ.

ಆದರೆ ಲಾರಿ ಓಡಿಸಿದವರು, ಶೆಲ್ ಬಿದ್ದ ಗುಂಡಿಯನ್ನು ಬೆಳಗಾಗುವುದರೊಳಗೆ ಮುಚ್ಚಿದವರು ನಮಗೆ ನೆನಪಾಗುವುದು ಕಡಿಮೆ.

ರಸ್ತೆ ಉಳಿಸುವ ಕೈಗಳು

ಹಿಮಾಲಯದ ರಸ್ತೆಯನ್ನು ಒಮ್ಮೆ ಮಾಡಿ ಬಿಡಲಾಗುವುದಿಲ್ಲ. ಪ್ರತಿವರ್ಷ ಕುಸಿಯುತ್ತದೆ, ಪ್ರತಿವರ್ಷ ಕಟ್ಟಬೇಕು. ಚಳಿಗಾಲ ಕಳೆಯುತ್ತಲೇ ಕಾಶ್ಮೀರದ ಕಡೆಯಿಂದ ಬೀಕನ್, ಲಡಾಖಿನ ಕಡೆಯಿಂದ ವಿಜಯಕ್ ತಂಡದವರು ಹಿಮ ಕತ್ತರಿಸುವ ಯಂತ್ರಗಳೊಂದಿಗೆ ಹೊರಟು ಜೋಜಿ ಲಾದಲ್ಲಿ ಸಂಧಿಸುತ್ತಾರೆ. ಮೊದಲು ಐದಾರು ತಿಂಗಳು ಮುಚ್ಚುತ್ತಿದ್ದ ಘಾಟಿ 2025ರಲ್ಲಿ ಮುಚ್ಚಿದ್ದು 32 ದಿನ ಮಾತ್ರ.

ಕಲ್ಲು ಒಡೆಯುವವರು, ಡಾಂಬರು ಕಾಯಿಸುವವರು ಹೆಚ್ಚಾಗಿ ದೂರದ ಊರಿನವರು. ಜಾರ್ಖಂಡಿನ ದುಮ್ಕಾ ಸುತ್ತಲಿನ ಹಳ್ಳಿಗಳಿಂದ ಎಷ್ಟೋ ವರ್ಷಗಳಿಂದ ಜನ ಈ ಕೆಲಸಕ್ಕೆ ಬರುತ್ತಿದ್ದಾರೆ, ಅವರಲ್ಲಿ ಸಂತಾಲ ಆದಿವಾಸಿಗಳು ಬಹಳ. 2020ರ ಲಾಕ್‌ಡೌನ್‌ನಲ್ಲಿ ಅವರಲ್ಲಿ ಕೆಲವರು ಲಡಾಖಿನಲ್ಲೇ ಸಿಕ್ಕಿಬಿದ್ದಾಗ ಜಾರ್ಖಂಡ್ ಸರ್ಕಾರ ವಿಮಾನದಲ್ಲಿ ಕರೆಸಿಕೊಂಡಿತು. ಅದೇ ಜೂನ್‌ನಲ್ಲಿ ಗಡಿಯ ಕೆಲಸಕ್ಕೆ ಮತ್ತೆ ಆಳು ಬೇಕಾಯಿತು. ಮಧ್ಯವರ್ತಿಗಳ ಕೈಗೆ ಹೋಗದೆ ಕೂಲಿ ನೇರವಾಗಿ ಖಾತೆಗೆ ಬೀಳಬೇಕು, ವಿಮೆ ಇರಬೇಕು ಎಂದು ಆ ಸರ್ಕಾರ ಪಟ್ಟು ಹಿಡಿಯಿತು. ಆಮೇಲೆ ಸುಮಾರು 1,600 ಜನ ವಿಶೇಷ ರೈಲಿನಲ್ಲಿ ದುಮ್ಕಾದಿಂದ ಹೊರಟರು. ಅಷ್ಟು ವರ್ಷ ದುಡಿದವರಿಗೆ ಇಷ್ಟನ್ನು ಕೇಳಲು ಒಂದು ಮಹಾಮಾರಿ ಬರಬೇಕಾಯಿತು.

ಈಗ ಬೆಟ್ಟದ ಒಳಗೇ ದಾರಿ ಕೊರೆಯುತ್ತಿದ್ದಾರೆ. ಮನಾಲಿ ಕಡೆಯ 9 ಕಿಲೋಮೀಟರ್ ಉದ್ದದ ಅಟಲ್ ಸುರಂಗ 2020ರ ಅಕ್ಟೋಬರ್ 3ರಂದು ತೆರೆಯಿತು. ಸೋನಮಾರ್ಗ್ ಸುರಂಗ 2025ರ ಜನವರಿ 13ರಂದು ತೆರೆಯಿತು. ಜೋಜಿ ಲಾದ ಅಡಿಯಲ್ಲಿ 13 ಕಿಲೋಮೀಟರ್‌ಗೂ ಉದ್ದದ ಸುರಂಗದ ಕೆಲಸ 2020ರ ಅಕ್ಟೋಬರಿನಲ್ಲಿ ಶುರುವಾಯಿತು. ಅದು ಬಳಕೆಗೆ ಬಂದರೆ ಹಿಮ ಬಿದ್ದರೂ ಗಾಡಿ ನಿಲ್ಲಬೇಕಿಲ್ಲ. ಚಳಿಗಾಲದಲ್ಲಿ ಹೆರಿಗೆಗೆ, ಆಪರೇಷನ್‌ಗೆ ಶ್ರೀನಗರಕ್ಕೆ ಹೋಗಬೇಕಾದ ದ್ರಾಸ್‌ನವರು ವಿಮಾನ, ಹೆಲಿಕಾಪ್ಟರ್‌ಗೆ ಕಾಯಬೇಕಿಲ್ಲ.

ಸುರಂಗಕ್ಕೂ ಬೆಲೆ ತೆರಬೇಕಾಗಿ ಬಂದಿದೆ. 2024ರ ಅಕ್ಟೋಬರ್ 20ರ ಸಂಜೆ ಸೋನಮಾರ್ಗ್ ಸುರಂಗದ ಹತ್ತಿರ ಗಗನ್‌ಗೀರ್‌ನಲ್ಲಿ ಕೆಲಸಗಾರರ ಶಿಬಿರಕ್ಕೆ ಭಯೋತ್ಪಾದಕರು ನುಗ್ಗಿ ಏಳು ಜನರನ್ನು ಕೊಂದರು. ಒಬ್ಬರು ವೈದ್ಯರು, ಉಳಿದ ಆರು ಜನ ಕೆಲಸಕ್ಕಿದ್ದವರು. ಮೂರು ತಿಂಗಳಾಗುವ ಮುನ್ನವೇ ಅದೇ ಸುರಂಗದ ಉದ್ಘಾಟನೆ ಆಯಿತು.

ಈ ಹೆದ್ದಾರಿಯ ಬದಿಯಲ್ಲಿ ರಸ್ತೆ ಕೆಲಸದಲ್ಲಿ ಸತ್ತವರ ಸ್ಮಾರಕಗಳಿವೆ. ನಮ್ಮ ಕಡೆಯಿಂದ ಲಾರಿ ತೆಗೆದುಕೊಂಡು, ಬೈಕಿನಲ್ಲಿ, ಯಾತ್ರೆಗೆಂದು ಅಲ್ಲಿಗೆ ಹೋಗುವವರು ಈಗ ಬಹಳ ಜನ. ನೀವೂ ಹೋದರೆ ಏರುವವರಿಗೆ ದಾರಿ ಬಿಡಿ, ಸರದಿ ಮುರಿಯಬೇಡಿ. ಎಲ್ಲಾದರೂ ಅಂಥ ಸ್ಮಾರಕ ಕಂಡರೆ, ಜಾಗ ನೋಡಿ ಗಾಡಿ ಬದಿಗೆ ನಿಲ್ಲಿಸಿ, ಅದರ ಮೇಲಿನ ಹೆಸರು ಮತ್ತು ಊರು ಓದಿ.