ಎಕ್ಕೆಯೂ ಪಾತರಗಿತ್ತಿಯೂ

ಕೊಪ್ಪಳದ ಮಗ್ಗುಲಿನ ನಮ್ಮ ಭಾಗ್ಯನಗರ ನೇಕಾರರ ಊರು. ಊರಾಚೆಯ ಪಾಳು ನೆಲದಲ್ಲಿ ಎಕ್ಕೆಯ ಗಿಡಗಳುಂಟು. ಅವುಗಳ ಸುತ್ತ ಕೇಸರಿ ಬಣ್ಣದ, ರೆಕ್ಕೆಯ ಕಪ್ಪು ತುದಿಯಲ್ಲಿ ಬಿಳಿ ಮಚ್ಚೆಗಳುಳ್ಳ ಒಂದು ಪಾತರಗಿತ್ತಿಯೂ ಉಂಟು. ಎರಡೂ ಒಂದೇ ಕಡೆ ಬಾಳಿದವು. ಆದರೆ ಅವುಗಳ ಚರಿತ್ರೆ ಒಂದೇ ಅಲ್ಲ.

ಎಕ್ಕೆಯನ್ನು ನಮ್ಮ ಹಿರಿಯರು ಎಂದೋ ಗುರುತಿಸಿದ್ದರು. ತಮಿಳಿನ ಎರುಕ್ಕು, ಮಲೆಯಾಳದ ಎರಿಕ್ಕು, ನಮ್ಮ ಎಕ್ಕೆ ಇವು ಒಂದೇ ಬುಡದ ಮಾತುಗಳು. ಸಂಸ್ಕೃತದಲ್ಲಂತೂ ಅದು ಅರ್ಕ, ಸಾಕ್ಷಾತ್ ಸೂರ್ಯನ ಹೆಸರು! ರಥಸಪ್ತಮಿಯ ಸ್ನಾನಕ್ಕೆ ಅದರ ಎಲೆ ಬೇಕು, ಹನುಮಪ್ಪನ ಕೊರಳಿಗೆ ಅದರ ಹೂವಿನ ಮಾಲೆ ಬೇಕು. ಮೂರನೆಯ ಮದುವೆಗೆ ಹೊರಟವನು ಮೊದಲು ಎಕ್ಕೆಗೇ ತಾಳಿ ಕಟ್ಟುವ ಅರ್ಕವಿವಾಹ ಬೇರೆ. ಇಷ್ಟು ಮನ್ನಣೆ ಕೊಟ್ಟ ಜನವೇ ಸಿಟ್ಟು ಬಂದಾಗ ‘ನಿನ್ನ ಮನೆ ಎಕ್ಕ ಹುಟ್ಟಿ ಹೋಗಲಿ’ ಎಂದು ಶಪಿಸುತ್ತದೆ. ಮನೆ ಹಾಳಾಗಿ ಅಂಗಳದಲ್ಲಿ ಎಕ್ಕೆ ಬೆಳೆಯಲಿ ಎಂದು ಅದರ ಅರ್ಥ. 1678ರಿಂದ 1693ರವರೆಗೆ 12 ಸಂಪುಟಗಳಲ್ಲಿ ಹೊರಬಂದ ‘ಹೊರ್ಟಸ್ ಮಲಬಾರಿಕಸ್’ ಗ್ರಂಥಕ್ಕೂ ಅದು ಸೇರಿತು. 1753ರಲ್ಲಿ ಲಿನೇಯಸ್ ಅದಕ್ಕೆ ಶಾಸ್ತ್ರೀಯ ನಾಮವನ್ನಿತ್ತನು.

ಪಾತರಗಿತ್ತಿಯ ಪಾಡು ಬೇರೆ. ನಮ್ಮ ಕಡೆಯ ಆಡುಮಾತಿನಲ್ಲಿ ಅದು ಹತ್ತರಲ್ಲಿ ಹನ್ನೊಂದನೆಯದು. ಆದರೆ ದೂರದ ಈಜಿಪ್ಟಿನಲ್ಲಿ, ಕ್ರಿ. ಪೂ. 1350ರ ಸುಮಾರಿನ ನೆಬಮುನ್ ಎಂಬವನ ಗೋರಿಯ ಗೋಡೆಯ ಮೇಲೆ ಇದೇ ಜಾತಿಯನ್ನು ಚಿತ್ರಿಸಿದ್ದಾರೆ. ಆ ಚಿತ್ರ ಈಗ ಬ್ರಿಟಿಷ್ ಮ್ಯೂಜಿಯಮ್ಮಿನಲ್ಲಿದೆ. ಲಿನೇಯಸ್ 1758ರಲ್ಲಿ ಇದಕ್ಕೆ ‘ಕ್ರಿಸಿಪಸ್’ ಎಂದು ಹೆಸರಿಟ್ಟನು. ಗ್ರೀಕ್ ಪುರಾಣದ ಈಜಿಪ್ಟಸ್ ದೊರೆಯ ಮಗನ ಹೆಸರದು.

ಹೂವಿಗೂ ಚಿಟ್ಟೆಗೂ ಇರುವ ನಂಟನ್ನು ನಾವು ಕಾವ್ಯಪಾಠದಲ್ಲಿ ಮಕರಂದಕ್ಕೇ ಮುಗಿಸಿಬಿಡುತ್ತೇವೆ. (ನಾನೂ ಎಷ್ಟೋ ವರ್ಷ ಹಾಗೆಯೇ ಮಾಡಿದ್ದೇನೆ.) ಇಲ್ಲಿ ನಂಟಿರುವುದು ಹೂವಿಗಲ್ಲ, ಎಲೆಗೆ. ಆಡೂ ಮೂಸಿ ಬಿಡುವ ಆ ಹಾಲೆಲೆಯ ಮೇಲೆ ತಾಯಿಚಿಟ್ಟೆ ಒಂದೊಂದೇ ಮೊಟ್ಟೆಯಿಡುತ್ತದೆ. ಮರಿಹುಳು ಎಲೆಯನ್ನೇ ತಿಂದು ಬೆಳೆಯುತ್ತದೆ. ಎಕ್ಕೆಯ ಪರಾಗವನ್ನು ಹೊತ್ತು ಸಾಗಿಸುವುದೋ ಮರ ಕೊರೆಯುವ ಕರಿದುಂಬಿ. ಚಿಟ್ಟೆಯದು ಉಂಡ ಮನೆಯ ಋಣ ತೀರಿಸದ ಬಾಳು! ಇದರ ದಾಯಾದಿಯಾದ ಅಮೆರಿಕದ ಮೊನಾರ್ಕ್ ಚಿಟ್ಟೆ ಎಕ್ಕೆಯ ಕುಲದ ಗಿಡಗಳಿಂದ ಹೃದಯವಿಷವನ್ನು ಪಡೆದು ಮೈಯಲ್ಲಿರಿಸಿಕೊಳ್ಳುವುದನ್ನು 1968ರಲ್ಲಿ ರೈಕ್‌ಸ್ಟೈನ್ ಮೊದಲಾದವರು ತೋರಿಸಿಕೊಟ್ಟರು. ಹಕ್ಕಿಗಳು ಇಂಥವುಗಳ ಗೊಡವೆಗೆ ಹೋಗುವುದು ಕಡಿಮೆ. ಅದನ್ನರಿತಂತೆ, ವಿಷವಿಲ್ಲದ ಇನ್ನೊಂದು ಜಾತಿಯ ಹೆಣ್ಣುಚಿಟ್ಟೆ ನಮ್ಮ ಕೇಸರಿ ಚಿಟ್ಟೆಯದೇ ವೇಷ ತೊಟ್ಟು ಬದುಕುತ್ತದೆ.

ಮನೆ ಕಟ್ಟಿಸುವವರು ಈಗ ಮೊದಲು ಕೀಳಿಸುವುದು ಎಕ್ಕೆಯನ್ನೇ. ನಾನೂ ಕೀಳಿಸಿದ್ದೆ. ಈಚೆಗೆ ಹಿತ್ತಿಲ ಗೋಡೆಯ ಬದಿಗೆ ಒಂದು ತಾನಾಗಿ ಹುಟ್ಟಿದೆ, ಬಿಟ್ಟಿದ್ದೇನೆ. ಎಲೆಯಲ್ಲಿ ತೂತುಗಳಾಗಿವೆ. ಅವ್ವ ಮಾತ್ರ ಇನ್ನೂ ಒಪ್ಪಿಲ್ಲ.