ಬದುಕಿ ಉಳಿದವರು ಹೇಳಿದ ಪಾಠ

ತುರುವೇಕೆರೆಯ ಹೈಸ್ಕೂಲು ಹುಡುಗನಿಗೆ ಹಿಟ್ಲರ್ ಅಪರಿಚಿತನಲ್ಲ. ಎರಡನೆಯ ಮಹಾಯುದ್ಧದ ಪಾಠದಲ್ಲಿ, ಅರವತ್ತು ಲಕ್ಷ ಯೆಹೂದಿಗಳ ಹತ್ಯೆ ಎಂಬ ಮಾತಿನ ಜೊತೆ ಆತ ಬಂದು ಹೋಗುತ್ತಾನೆ. 2011ರ ಜನಗಣತಿಯಂತೆ ಇಡೀ ತುಮಕೂರು ಜಿಲ್ಲೆಯ ಜನಸಂಖ್ಯೆ ಸುಮಾರು 26.8 ಲಕ್ಷ, ಅಂಥ ಎರಡು ಜಿಲ್ಲೆಗಳ ಜನರನ್ನು ಕೂಡಿಸಿದರೂ ಆ ಲೆಕ್ಕ ತುಂಬದು ಎಂದು ಮೇಷ್ಟರು ಹೇಳಿದರೆ ತರಗತಿ ಒಂದು ಕ್ಷಣ ಬೆಚ್ಚಬಹುದು. ಆದರೆ ಸಂಖ್ಯೆ ದೊಡ್ಡದಾದಷ್ಟೂ ಅದರೊಳಗಿನ ಮನುಷ್ಯ ಕಾಣದೆ ಹೋಗುತ್ತಾನೆ. ಹೋಲೊಕಾಸ್ಟ್ ಎಂದು ಹೆಸರಾದ ಈ ಹತ್ಯಾಕಾಂಡವನ್ನು ಕಲಿಸುವವರು ಬದುಕಿ ಉಳಿದವರ ಸಾಕ್ಷ್ಯದ ಮೊರೆ ಹೋದದ್ದು ಇದಕ್ಕಾಗಿಯೇ.

ಸಾಕ್ಷ್ಯಕ್ಕೆ ಈ ಮನ್ನಣೆ ತಡವಾಗಿ ಬಂತು. 1945-46ರ ನ್ಯೂರೆಂಬರ್ಗ್ ವಿಚಾರಣೆ ಮುಖ್ಯವಾಗಿ ನಡೆದದ್ದು ನಾಜಿಗಳದೇ ಕಡತಗಳನ್ನು ಆಧರಿಸಿ. ಕಡತದ ಸ್ವಭಾವ ನಮ್ಮ ಶಾಸನಗಳ ಸ್ವಭಾವವೇ. ಹೊಯ್ಸಳರ ಕಾಲದ ಗುಡಿಯ ಶಾಸನದಲ್ಲಿ ಕಟ್ಟಿಸಿದವರು, ದತ್ತಿ ಬಿಟ್ಟವರು ಸಿಗುತ್ತಾರೆ; ಕಲ್ಲು ಹೊತ್ತವನ ಬೆನ್ನುನೋವು ಸಿಗುವುದಿಲ್ಲ. 1961ರಲ್ಲಿ ಜೆರುಸಲೇಮಿನಲ್ಲಿ ಐಖ್‌ಮನ್ ವಿಚಾರಣೆ ನಡೆದಾಗ ನೂರಕ್ಕೂ ಹೆಚ್ಚು ಮಂದಿ ಸಾಕ್ಷಿ ಕಟ್ಟೆ ಹತ್ತಿದರು. ಜಗತ್ತು ಅವರ ಮಾತಿಗೆ ಕಿವಿಗೊಟ್ಟದ್ದು ಆಗಲೇ. 1994ರಲ್ಲಿ ಚಿತ್ರನಿರ್ದೇಶಕ ಸ್ಟೀವನ್ ಸ್ಪೀಲ್‌ಬರ್ಗ್ ಸ್ಥಾಪಿಸಿದ ಸಂಸ್ಥೆ ಐವತ್ತು ಸಾವಿರಕ್ಕೂ ಹೆಚ್ಚು ಸಾಕ್ಷ್ಯಗಳನ್ನು ವಿಡಿಯೊದಲ್ಲಿ ದಾಖಲಿಸಿದೆ.

ಇಟಲಿಯ ಪ್ರೀಮೊ ಲೆವಿಯ ಉದಾಹರಣೆ ನೋಡಿ. ಓದಿದ್ದು ರಸಾಯನಶಾಸ್ತ್ರ. 1944ರ ಫೆಬ್ರವರಿಯಲ್ಲಿ ಆತನನ್ನು ಆಶ್ವಿಟ್ಜ್‌ಗೆ ಒಯ್ದ ರೈಲಿನಲ್ಲಿ 650 ಜನರಿದ್ದರು. ಮರಳಿದವರು ಕೆಲವೇ ಮಂದಿ. ಅಲ್ಲಿ ಆತನ ಹೆಸರು ಹೋಗಿ ತೋಳಿನ ಮೇಲೆ 174517 ಎಂಬ ಹಚ್ಚೆ ಉಳಿಯಿತು. ಚಳಿಗಾಲದಲ್ಲಿ ಪ್ರಯೋಗಾಲಯದ ಕೆಲಸ ಸಿಕ್ಕಿತು. ಕೊನೆಗೆ ಕೈದಿಗಳನ್ನೆಲ್ಲ ಹೊರಗೆ ಅಟ್ಟುವಾಗ ಜ್ವರ ಬಂದು ಆಸ್ಪತ್ರೆಯಲ್ಲಿ ಮಲಗಿದ್ದರಿಂದಲೇ ಜೀವ ಉಳಿಯಿತು. 1947ರಲ್ಲಿ ಆತನ ಪುಸ್ತಕ ಬಂದಾಗ ಅಚ್ಚಾದದ್ದು ಎರಡೂವರೆ ಸಾವಿರ ಪ್ರತಿ. ಕೇಳುವವರೇ ಇರಲಿಲ್ಲ ಎನ್ನಬೇಕು. ನಿಜವಾದ ಸಾಕ್ಷಿಗಳು ಮರಳಿ ಬಾರದವರು, ತಾನಲ್ಲ ಎಂದು ಲೆವಿ ಮುಂದೆ ಬರೆದ. ವಿದ್ಯಾರ್ಥಿಗಳ ಮುಂದೆ ಮೊದಲು ಇಡಬೇಕಾದ ಮಾತು ಬಹುಶಃ ಇದೇ.

ಸಾಕ್ಷ್ಯವನ್ನು ಕಣ್ಣುಮುಚ್ಚಿ ಒಪ್ಪಬೇಕೆಂದಲ್ಲ. 1995ರಲ್ಲಿ ಬಿನ್ಯಾಮಿನ್ ವಿಲ್ಕೊಮಿರ್ಸ್ಕಿ ಎಂಬ ಹೆಸರಿನಲ್ಲಿ ಬಂದ, ಶಿಬಿರದಲ್ಲಿ ಕಳೆದ ಬಾಲ್ಯದ ಕಥನ ಬಹುಮಾನಗಳನ್ನು ಗಳಿಸಿತು. ಆಮೇಲೆ ಲೇಖಕ ಯೆಹೂದಿಯೇ ಅಲ್ಲ, ಶಿಬಿರ ಕಂಡವನೂ ಅಲ್ಲವೆಂದು ಬಯಲಾಯಿತು. ಹಾಗೆ ಬಯಲಾದದ್ದು ಬೇರೆ ದಾಖಲೆಗಳ ಜೊತೆ ತಾಳೆ ನೋಡಿದ್ದರಿಂದ. ತಾಳೆ ನೋಡುವುದೂ ಪಾಠದ ಭಾಗ. ಮಕ್ಕಳನ್ನೇ ಕೈದಿ, ಕಾವಲುಗಾರರನ್ನಾಗಿ ನಿಲ್ಲಿಸುವ ಅಣಕು ಆಟ ಬೇಡವೆಂದು ವಾಷಿಂಗ್ಟನ್‌ನ ಹೋಲೊಕಾಸ್ಟ್ ಮ್ಯೂಸಿಯಂ ಶಿಕ್ಷಕರಿಗೆ ಹೇಳುತ್ತದೆ. ಆ ನರಕ ಆಟದಲ್ಲಿ ಅರ್ಥವಾಗುವಂಥದಲ್ಲ.

ಜರ್ಮನಿ ದೂರವಾಯಿತು ಎನ್ನುವ ಮೇಷ್ಟರಿಗೆ ಬೆಂಗಳೂರಿದೆ. ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಯೆಹೂದಿ ಮೂಲದವರು. 1933ರ ಏಪ್ರಿಲ್‌ನಲ್ಲಿ ಗಾಟಿಂಗನ್ ವಿಶ್ವವಿದ್ಯಾಲಯದಿಂದ ತಮ್ಮನ್ನು ಕೈಬಿಟ್ಟ ಸುದ್ದಿ ಅವರಿಗೆ ತಿಳಿದದ್ದು ಪತ್ರಿಕೆಯಲ್ಲಿ ಬಂದ ಪಟ್ಟಿಯಿಂದ. ಸಿ.ವಿ. ರಾಮನ್ ಕರೆಯ ಮೇರೆಗೆ 1935-36ರಲ್ಲಿ ಅವರು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದರು. ಅವರನ್ನು ಕಾಯಂ ಆಗಿ ಉಳಿಸಿಕೊಳ್ಳಲು ರಾಮನ್ ಬಯಸಿದಾಗ ಇಂಗ್ಲಿಷ್ ಪ್ರಾಧ್ಯಾಪಕರೊಬ್ಬರು ಸಭೆಯಲ್ಲೇ ಎದ್ದು ನಿಂತು, ತನ್ನ ದೇಶವೇ ಹೊರಗಟ್ಟಿದ ಎರಡನೇ ದರ್ಜೆಯ ಪರದೇಶಿ ಇಲ್ಲಿಗೆ ಸಾಲದು ಎಂಬರ್ಥದ ಮಾತಾಡಿದರು. ಆ ದಿನ ಮನೆಗೆ ಹೋಗಿ ಅತ್ತದ್ದನ್ನು ಬಾರ್ನ್ ಬರೆದಿಟ್ಟಿದ್ದಾರೆ. 1954ರಲ್ಲಿ ಅವರಿಗೆ ನೊಬೆಲ್ ಬಂತು.

ಬಾರ್ನ್ ಶಿಬಿರ ಕಂಡವರಲ್ಲ. ಆದರೆ ಶಿಬಿರದ ದಾರಿ ಶುರುವಾಗುವುದು ಗ್ಯಾಸ್ ಕೋಣೆಯಿಂದಲ್ಲ, ಪತ್ರಿಕೆಯ ಪಟ್ಟಿಯೊಂದರಿಂದ ಎಂಬುದಕ್ಕೆ ಅವರ ಮಾತು ಸಾಕ್ಷಿ. ಅವರ ತಂಗಿಯ ಮಗ, ವಾಸ್ತುಶಿಲ್ಪಿ ಆಟೊ ಕೋನಿಗ್ಸ್‌ಬರ್ಗರ್ ಕೂಡ ಹೀಗೆಯೇ ಕೆಲಸ ಕಳೆದುಕೊಂಡು, ಈಜಿಪ್ಟ್ ಸುತ್ತಿ, 1939ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದರು. ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಅವರು ರೂಪಿಸಿದ ಕಟ್ಟಡಗಳಿವೆ. ತುಮಕೂರು ರಸ್ತೆಯಿಂದ ನಗರ ಹೊಕ್ಕು ಮಲ್ಲೇಶ್ವರದ ಕಡೆ ಹೊರಟರೆ ಆ ಆವರಣ ದಾರಿಯಲ್ಲೇ ಸಿಗುತ್ತದೆ.