ಐರ್ಲೆಂಡಿನ ಊರುಗಳಿಗೆ ಎರಡೆರಡು ಹೆಸರು

ಐರ್ಲೆಂಡ್ ಅಂದ ಕೂಡಲೇ ಹಸಿರು ಗುಡ್ಡ, ಕುರಿಮಂದೆ, ಬಿಟ್ಟೂ ಬಿಡದ ಜಿಟಿಜಿಟಿ ಮಳೆ, ಗಿನ್ನಿಸ್ ಬಿಯರು, ಮಾರ್ಚ್ 17ರ ಸೇಂಟ್ ಪ್ಯಾಟ್ರಿಕ್ ಹಬ್ಬ ನೆನಪಾಗುತ್ತವೆ. ಕ್ಯಾಲೆಂಡರಿನ ಚಿತ್ರಗಳಲ್ಲೂ ಇಷ್ಟೇ ಇರುತ್ತೆ. ಸುಳ್ಳೇನಲ್ಲ ಬಿಡಿ. ಆದರೆ ಆ ದೇಶದ ಬಗ್ಗೆ ಯಾರಾದರೂ ಕೇಳಿದರೆ ನಾನು ಮಾತು ಶುರು ಮಾಡೋದು ಅಲ್ಲಿನ ರಸ್ತೆ ಬದಿಯ ಫಲಕಗಳಿಂದ. ಗಣರಾಜ್ಯದ ಹೆಚ್ಚಿನ ಕಡೆ ಪ್ರತಿ ಊರಿಗೂ ಎರಡು ಹೆಸರು. ಮೇಲೆ ಓರೆ ಅಕ್ಷರಗಳಲ್ಲಿ ಐರಿಶ್ ಹೆಸರು, ಕೆಳಗೆ ದೊಡ್ಡ ಅಕ್ಷರಗಳಲ್ಲಿ ಇಂಗ್ಲಿಷ್ ಹೆಸರು. ಮೇಲಿನದನ್ನು ಓದಿ ಅರ್ಥ ಮಾಡಿಕೊಳ್ಳುವವರು ಕಡಿಮೆ, ಕೆಳಗಿನದಕ್ಕೆ ಎಷ್ಟೋ ಸಲ ಅರ್ಥವೇ ಇಲ್ಲ.

(ಐರಿಶ್ ಅಂದರೆ ಇಂಗ್ಲಿಷಿನ ಒಂದು ಧಾಟಿ ಅಂದುಕೊಂಡವರು ಬಹಳ ಮಂದಿ. ಅಲ್ಲ. ಅದು ಕೆಲ್ಟಿಕ್ ಬಳಗದ ಬೇರೆಯೇ ಭಾಷೆ. ಏಳನೇ ಶತಮಾನದ ಹೊತ್ತಿಗಾಗಲೇ ಅದರಲ್ಲಿ ಬರವಣಿಗೆ ಇತ್ತು.)

ರಾಜಧಾನಿಯನ್ನೇ ತಗೊಳ್ಳಿ. ಡಬ್ಲಿನ್ ಅನ್ನೋದು ಇಂಗ್ಲಿಷ್ ಹೆಸರಲ್ಲ, 'ದುವ್ ಲಿನ್', ಅಂದರೆ ಕರಿ ಮಡು. ಆದರೆ ಫಲಕದಲ್ಲಿ ಐರಿಶ್ ಹೆಸರು ಅಂತ ಇರೋದು ಇದಲ್ಲ, 'ಬಾಲ್ಯ ಆಹ ಕ್ಲಿಯ' - ಹೊಳೆಯಲ್ಲಿ ಕಡ್ಡಿ ತಟ್ಟಿ ಹಾಸಿ ದಾಟುತ್ತಿದ್ದ ಜಾಗದ ಊರು. ಬಾಲ್ಯ ಅಂದರೆ ಊರು, ನಮ್ಮ ಬಾಲ್ಯಕ್ಕೂ ಇದಕ್ಕೂ ಸಂಬಂಧ ಇಲ್ಲ! ಇಂಗ್ಲಿಷಿನ ಬಾಯಲ್ಲಿ ಇದು 'ಬ್ಯಾಲಿ' ಆಯಿತು. ಬ್ಯಾಲಿ ಅಂತ ಶುರುವಾಗುವ ಊರುಗಳು ಐರ್ಲೆಂಡಿನಲ್ಲಿ ಸಾವಿರಾರು. ಡಬ್ಲಿನ್ನಿನ ದಕ್ಷಿಣಕ್ಕೆ ಗ್ಲೆಂಡಲಾಖ್ ಅಂತ ಬಹಳ ಚಂದದ ಕಣಿವೆ ಇದೆ, ಆರನೇ ಶತಮಾನದಲ್ಲಿ ಸೇಂಟ್ ಕೆವಿನ್ ಮಠ ಕಟ್ಟಿದ ಜಾಗ. ಬಿಡಿಸಿ ಹೇಳಿದರೆ 'ಗ್ಲ್ಯಾನ್ ದಾ ಲಖ್', ಎರಡು ಕೆರೆಗಳ ಕಣಿವೆ. ಈ 'ದಾ' ನಮ್ಮ ಸಂಸ್ಕೃತದ 'ದ್ವಿ'ಗೆ ದೂರದ ನೆಂಟ. ಎರಡು ಕೆರೆಗಳು ಈಗಲೂ ಅಲ್ಲೇ ಇವೆ.

ಎಲ್ಲ ಕಡೆ ಹೀಗೆ ಹೆಸರಿಗೂ ನೆಲಕ್ಕೂ ತಾಳೆಯಾಗುವುದಿಲ್ಲ. 'ದೆರ್ಯ' ಅಂದರೆ ಓಕ್ ಮರಗಳ ತೋಪು. ಡೆರಿ ಅಂತ ಶುರುವಾಗುವ ಹೆಸರುಗಳಿಗೆ ಲೆಕ್ಕವಿಲ್ಲ, ಆದರೆ ಓಕ್ ಎಲ್ಲಿ? ಇಪ್ಪತ್ತನೇ ಶತಮಾನದ ಶುರುವಿಗೆ ಇಡೀ ದ್ವೀಪದಲ್ಲಿ ಉಳಿದಿದ್ದ ಕಾಡು ನೂರಕ್ಕೆ ಒಂದು ಪಾಲು ಅಷ್ಟೇ. ಆಮೇಲೆ ನೆಟ್ಟು ಬೆಳೆಸಿದ್ದರಿಂದ ಈಗ ನೂರಕ್ಕೆ ಹನ್ನೊಂದರ ಆಚೀಚೆ ಆಗಿದೆ, ಅದರಲ್ಲೂ ಬೇರೆಲ್ಲ ಮರಗಳಿಗಿಂತ ಹೆಚ್ಚಿರೋದು ಅಮೆರಿಕದಿಂದ ತಂದ ಸ್ಪ್ರೂಸ್ ಮರ. ನಾವು ಕಣ್ಣು ಅರಳಿಸಿ ನೋಡುವ ಆ ಖಾಲಿ ಹಸಿರು ಮೊದಲಿಂದ ಖಾಲಿ ಇದ್ದದ್ದಲ್ಲ ಅನ್ನೋದನ್ನು ಊರ ಹೆಸರೇ ಹೇಳುತ್ತೆ, ಕೇಳಿಸಿಕೊಳ್ಳೋಕೆ ಬಂದರೆ. ಇನ್ನೊಂದು ತಮಾಷೆ ನೋಡಿ: ಐರಿಶ್‌ನಲ್ಲಿ 'ಕಿಲ್' ಅಂದರೆ ಚರ್ಚು, 'ಕ್ವಿಲ್' ಅಂದರೆ ಕಾಡು. ಇಂಗ್ಲಿಷಿನಲ್ಲಿ ಬರೆಯುವಾಗ ಎರಡೂ 'ಕಿಲ್' ಆಗಿಬಿಟ್ಟವು. ಹಾಗಾಗಿ ಕಿಲ್‌ಮೋರ್ ಅಂತ ಹೆಸರಿರೋ ಊರುಗಳಲ್ಲಿ ಕೆಲವು ದೊಡ್ಡ ಚರ್ಚು, ಕೆಲವು ದೊಡ್ಡ ಕಾಡು. ಬರೀ ಇಂಗ್ಲಿಷ್ ಫಲಕ ನೋಡಿ ಯಾವುದು ಯಾವುದು ಅಂತ ಹೇಳೋಕಾಗಲ್ಲ.

ಈ ಬರೆಯುವ ಕೆಲಸ ನಡೆದಿದ್ದು ಯಾವಾಗ, ಹೇಗೆ? ಬ್ರಿಟಿಷ್ ಸರ್ಕಾರಕ್ಕೆ ಭೂಕಂದಾಯ ಸರಿಯಾಗಿ ಕಟ್ಟಬೇಕಿತ್ತು. ಅದಕ್ಕಾಗಿ 1824ರಲ್ಲಿ ಥಾಮಸ್ ಕೋಲ್ಬಿ ಅನ್ನುವ ಸೇನಾಧಿಕಾರಿಯ ಕೈಕೆಳಗೆ ಇಡೀ ಐರ್ಲೆಂಡಿನ ಸರ್ವೆ ಶುರುವಾಯಿತು. ಒಂದು ಮೈಲಿಗೆ ಆರು ಇಂಚಿನ ನಕ್ಷೆ. ಅರವತ್ತು ಸಾವಿರಕ್ಕೂ ಹೆಚ್ಚು 'ಟೌನ್‌ಲ್ಯಾಂಡ್'ಗಳು, ಅಂದರೆ ಹೆಸರಿರುವ ಅತಿ ಚಿಕ್ಕ ನೆಲದ ತುಂಡುಗಳು. ಕೆಲಸ ಮುಗಿಯೋ ಹೊತ್ತಿಗೆ 1846.

ಅಂದ ಹಾಗೆ, ಇಲ್ಲಿ ನಮಗೂ ಒಂದು ಕೊಂಡಿ ಇದೆ. 1800ರಲ್ಲಿ ಲ್ಯಾಂಬ್ಟನ್ ಬೆಂಗಳೂರಿನ ಹತ್ತಿರ ಮೊದಲ ಆಧಾರ ರೇಖೆ ಅಳೆದದ್ದು ಉಕ್ಕಿನ ಸರಪಳಿಯಿಂದ. ಬಿಸಿಲಿಗೆ ಸರಪಳಿ ಹಿಗ್ಗುತ್ತೆ, ಲೆಕ್ಕ ತಪ್ಪುತ್ತೆ. ಕೋಲ್ಬಿ ಇದಕ್ಕೆ ಉಪಾಯ ಕಂಡುಕೊಂಡಿದ್ದ: ಹಿತ್ತಾಳೆಯದೊಂದು, ಕಬ್ಬಿಣದ್ದೊಂದು ಪಟ್ಟಿ ಜೋಡಿಸಿ, ಎರಡೂ ಬೇರೆ ಬೇರೆ ಹಿಗ್ಗಿದರೂ ಎರಡು ತುದಿಯ ಗುರುತುಗಳ ಅಂತರ ಬದಲಾಗದ ಹಾಗೆ. ಜಾರ್ಜ್ ಎವರೆಸ್ಟ್ (ಹೌದು, ಶಿಖರಕ್ಕೆ ಹೆಸರು ಕೊಟ್ಟವನೇ) 1829ರಲ್ಲಿ ಐರ್ಲೆಂಡಿಗೆ ಹೋಗಿ ಆ ಸರ್ವೆ ನೋಡಿ, ಅಂಥದೇ ಪಟ್ಟಿಗಳನ್ನು ಭಾರತಕ್ಕೆ ತಂದ. ಇರಲಿ, ವಿಷಯಕ್ಕೆ ಬರೋಣ.

ಹೆಸರು ಗುರುತು ಹಾಕಿದವರೆಲ್ಲ ಭಾಷೆ ಗೊತ್ತಿಲ್ಲದ ದೊರೆಗಳು ಅಂದುಕೊಂಡರೆ ಅದು ಪೂರ್ತಿ ಸರಿಯಲ್ಲ. 1830ರಿಂದ ಆ ಕೆಲಸ ಮಾಡಿದವನು ಜಾನ್ ಒ'ಡೊನೊವನ್, ಕಿಲ್ಕೆನ್ನಿ ಕಡೆಯ ರೈತನ ಮಗ, ಐರಿಶ್ ಪಂಡಿತ. ಒಂದೊಂದೇ ಜಿಲ್ಲೆ ಸುತ್ತಿ, ವಯಸ್ಸಾದವರನ್ನು ಕಂಡು, ಅವರು ಹೆಸರನ್ನು ಹೇಗೆ ಉಚ್ಚರಿಸುತ್ತಾರೆ ಅಂತ ಕೇಳಿ, ಮೂಲ ರೂಪವನ್ನು ಪುಸ್ತಕದಲ್ಲಿ ಬರೆದುಕೊಂಡ. ನಕ್ಷೆಯ ಮೇಲೆ ಮಾತ್ರ ಅಚ್ಚಾದದ್ದು ಇಂಗ್ಲಿಷ್ ಕಾಗುಣಿತ. ಬ್ರಯನ್ ಫ್ರೀಲ್ 1980ರಲ್ಲಿ ಇದನ್ನೇ ಇಟ್ಟುಕೊಂಡು 'ಟ್ರಾನ್ಸ್‌ಲೇಶನ್ಸ್' ನಾಟಕ ಬರೆದು ಡೆರಿ ಪಟ್ಟಣದಲ್ಲಿ ಮೊದಲು ಆಡಿಸಿದಾಗ ಜನ ಮುಗಿಬಿದ್ದರು, ಚರಿತ್ರಕಾರರು ತಕರಾರು ತೆಗೆದರು. ನನಗೆ ಎರಡೂ ಕಡೆಯವರ ಮಾತು ಸರಿ ಅನ್ನಿಸುತ್ತೆ. ಒ'ಡೊನೊವನ್ ಬರೆದಿಡದೇ ಹೋಗಿದ್ದರೆ ಎಷ್ಟೋ ಹೆಸರುಗಳ ಮೂಲವೇ ಸಿಗುತ್ತಿರಲಿಲ್ಲ. ಆದರೆ ಅವನು ಬರೆದಿಟ್ಟದ್ದು ಕಚೇರಿಯಲ್ಲಿ ಉಳಿಯಿತು, ಜನರ ಕೈಗೆ ಬಂದದ್ದು ನಕ್ಷೆ.

ಸರ್ವೆ ಮುಗಿಯುವ ಹೊತ್ತಿಗೆ ಬರ ಬಂದಿತ್ತು. 1845ರಲ್ಲಿ ಆಲೂಗಡ್ಡೆಗೆ ರೋಗ ತಗುಲಿತು. ತುಂಡು ಜಮೀನಿನ ಗೇಣಿದಾರರಿಗೆ ಆಲೂಗಡ್ಡೆ ಬಿಟ್ಟರೆ ಬೇರೆ ಊಟವಿಲ್ಲ. ಜನ ಸಾಯುತ್ತಿದ್ದಾಗಲೂ ಧಾನ್ಯ, ದನ ಹಡಗು ಹತ್ತಿ ಹೊರಗೆ ಹೋಗುತ್ತಿದ್ದವು. ಸುಮಾರು ಹತ್ತು ಲಕ್ಷ ಜನ ಸತ್ತರು, ಅಷ್ಟೇ ಜನ ದೇಶ ಬಿಟ್ಟರು. 1841ರಲ್ಲಿ ದ್ವೀಪದ ಜನಸಂಖ್ಯೆ 80 ಲಕ್ಷ ದಾಟಿತ್ತು. ಇವತ್ತು ಉತ್ತರ, ದಕ್ಷಿಣ ಎರಡೂ ಸೇರಿಸಿದರೆ 70 ಲಕ್ಷದ ಸುತ್ತಮುತ್ತ. ಪಶ್ಚಿಮದ ಗುಡ್ಡಗಳ ಇಳಿಜಾರಿನಲ್ಲಿ ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ಹುಲ್ಲಿನ ಅಡಿಯಲ್ಲಿ ಉದ್ದುದ್ದ ಏರಿಗಳು ಕಾಣುತ್ತವೆ. ಆಗಿನವರ ಆಲೂಗಡ್ಡೆ ಮಡಿಗಳು. ಆಮೇಲೆ ಅಲ್ಲಿ ಯಾರೂ ಬಿತ್ತಲಿಲ್ಲ.

ಹೆಚ್ಚು ಪೆಟ್ಟು ತಿಂದದ್ದು ಪಶ್ಚಿಮ, ಐರಿಶ್ ಮಾತಾಡುತ್ತಿದ್ದ ಬಡವರ ಸೀಮೆ. ಉಳಿದವರು ಮಕ್ಕಳನ್ನು ಹಡಗು ಹತ್ತಿಸಬೇಕಿತ್ತು, ಬಾಸ್ಟನ್ನಿನಲ್ಲಿ ಐರಿಶ್ ಏನಕ್ಕೆ ಬರುತ್ತೆ? 1831ರಿಂದ ಇದ್ದ ಸರ್ಕಾರಿ ಶಾಲೆಗಳದು ಇಂಗ್ಲಿಷ್ ಮಾಧ್ಯಮ. ಮಗುವಿನ ಕತ್ತಿಗೆ ಒಂದು ಕೋಲು ಕಟ್ಟಿ, ಐರಿಶ್ ಮಾತಾಡಿದಾಗಲೆಲ್ಲ ಅದರ ಮೇಲೆ ಒಂದು ಗೀರು ಹಾಕಿ, ದಿನದ ಕೊನೆಗೆ ಗೀರು ಎಣಿಸಿ ಹೊಡೆಯುವ ಪದ್ಧತಿ ಹಲವೆಡೆ ಇತ್ತು. ಇದನ್ನು ಬರೀ ಮೇಷ್ಟರ ಕ್ರೌರ್ಯ ಅಂತ ಬರೆದು ಮುಗಿಸೋದು ಸುಲಭ. ಆದರೆ ಮನೆಯಲ್ಲಿ ಗೀರು ಹಾಕುತ್ತಿದ್ದವರು ಅಪ್ಪ ಅಮ್ಮನೇ, ಅವರ ಒಪ್ಪಿಗೆಯಿಂದಲೇ ಇದು ನಡೆದದ್ದು. ಅವರನ್ನು ಬೈಯೋಕೆ ನನಗೆ ಬಾಯಿ ಬರುವುದಿಲ್ಲ.

1922ರಲ್ಲಿ ಸ್ವಂತ ಸರ್ಕಾರ ಬಂತು, 1937ರ ಸಂವಿಧಾನ ಐರಿಶ್ ಭಾಷೆಯನ್ನು ಮೊದಲ ಅಧಿಕೃತ ಭಾಷೆ ಅಂತ ಸಾರಿತು. ರಾಜ, ರಾಣಿಯರ ಹೆಸರಿದ್ದ ಊರುಗಳ ಹೆಸರೂ ಬದಲಾದವು. ಕಿಂಗ್ಸ್‌ಟೌನ್ ಹೋಗಿ ಡನ್ ಲೀರಿ ಆಯಿತು. 1912ರಲ್ಲಿ ಟೈಟಾನಿಕ್ ಕೊನೆಯದಾಗಿ ನಿಂತ ಬಂದರು ಕ್ವೀನ್ಸ್‌ಟೌನ್ ಹೋಗಿ 'ಕೋವ್' ಆಯಿತು. ಆದರೆ ಕೋವ್ ಐರಿಶ್ ಪದವೇ ಅಲ್ಲ! ಕೊಲ್ಲಿ ಅನ್ನೋ ಅರ್ಥದ ಇಂಗ್ಲಿಷ್ ಪದವನ್ನೇ ಐರಿಶ್ ಕಾಗುಣಿತದಲ್ಲಿ ಬರೆದದ್ದು.

2022ರ ಜನಗಣತಿಯಲ್ಲಿ ಗಣರಾಜ್ಯದ ಸುಮಾರು 18.7 ಲಕ್ಷ ಜನ ತಮಗೆ ಐರಿಶ್ ಬರುತ್ತೆ ಅಂದರು. ಶಾಲೆಯ ಹೊರಗೆ ದಿನಾ ಮಾತಾಡುವವರು ಎಷ್ಟು ಅಂತ ನೋಡಿದರೆ 72 ಸಾವಿರಕ್ಕೆ ಸ್ವಲ್ಪ ಕಡಿಮೆ.

ಉಳಿದಿದ್ದು ನೈರುತ್ಯದ ತುದಿಯ ಡಿಂಗಲ್. ಅಟ್ಲಾಂಟಿಕ್ ಪಕ್ಕದ ಪುಟ್ಟ ಊರು, ಪ್ರವಾಸಿಗರಿಗೆ ಅಚ್ಚುಮೆಚ್ಚು, ಐರಿಶ್ ಇನ್ನೂ ಜೀವಂತವಾಗಿರುವ ಸೀಮೆಯದು. ಇಂಥ ಸೀಮೆಗಳಲ್ಲಿ ಐರಿಶ್ ಹೆಸರೊಂದೇ ಅಧಿಕೃತ ಅನ್ನುವ ಸರ್ಕಾರದ ಆದೇಶ 2005ರಲ್ಲಿ ಜಾರಿಗೆ ಬಂತು. ಡಿಂಗಲ್ ಹೋಗಿ 'ಅನ್ ದ್ಯಾಂಗನ್' ಆಯಿತು. ಊರಿನವರು ಖುಷಿಪಡಬೇಕಿತ್ತಲ್ಲ? ರೇಗಿದರು. ಪ್ರವಾಸಿಗರು ದಾರಿ ತಪ್ಪುತ್ತಾರೆ, ಡಿಂಗಲ್ ಅನ್ನೋ ಹೆಸರು ಜಗತ್ತಿಗೆಲ್ಲ ಗೊತ್ತು, ಅದನ್ನು ಕಿತ್ತುಕೊಳ್ಳೋಕೆ ಡಬ್ಲಿನ್ನಿನವರು ಯಾರು ಅಂದರು. ಫಲಕಗಳ ಮೇಲೆ ರಾತ್ರೋರಾತ್ರಿ ಬಣ್ಣದಲ್ಲಿ ಡಿಂಗಲ್ ಅಂತ ಬರೆದರು. 2006ರ ಅಕ್ಟೋಬರಿನಲ್ಲಿ ಊರಲ್ಲೇ ಮತದಾನ ಆಯಿತು. ಎರಡೂ ಭಾಷೆಯ ಹೆಸರು ಬೇಕು ಅಂದವರು 1005, ಬೇಡ ಅಂದವರು 70. ಐದು ವರ್ಷ ಎಳೆದಾಡಿ 2011ರ ಕಾನೂನಿನಲ್ಲಿ ಡಿಂಗಲ್ ಮತ್ತೆ ಅಧಿಕೃತವಾಯಿತು. ಜೊತೆಗೆ ಐರಿಶ್ ಹೆಸರನ್ನೂ ಹಳೆಯ ಪೂರ್ಣ ರೂಪದಲ್ಲಿ ಬರೆದರು: 'ದ್ಯಾಂಗನ್ ಈ ಖೂಶ್'. ಈಗ ಆ ಊರಿಗೂ ಎರಡು ಹೆಸರು.